ಡಿಕ್ಕಿಯೊಳಗೊಂದು ಲ್ಯಾಬ್: ಮೂರು ಡೀಸೆಲ್ ಕಾರುಗಳ ಹೊಗೆಯನ್ನು ರಸ್ತೆಯಲ್ಲೇ ಅಳೆದ ಪ್ರಕರಣ

ಪೆಟ್ರೋಲ್ ಬಂಕ್ ಪಕ್ಕದಲ್ಲಿ ಎಮಿಷನ್ ಟೆಸ್ಟ್ ಹೇಗೆ ನಡೆಯುತ್ತದೆ ಅನ್ನುವುದು ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತು. ಕಾರು ನಿಲ್ಲಿಸುತ್ತೇವೆ. ಹುಡುಗ ಬಂದು ನಂಬರ್ ಪ್ಲೇಟಿನ ಫೋಟೊ ತೆಗೆಯುತ್ತಾನೆ, ಸೈಲೆನ್ಸರ್ ಪೈಪಿಗೆ ಒಂದು ಕೊಳವೆ ಸಿಕ್ಕಿಸುತ್ತಾನೆ. ಪೆಟ್ರೋಲ್ ಗಾಡಿಯಾದರೆ ಕಾರ್ಬನ್ ಮಾನಾಕ್ಸೈಡ್ ಎಷ್ಟು, ಸುಡದೆ ಉಳಿದ ಹೈಡ್ರೋಕಾರ್ಬನ್ ಎಷ್ಟು ಎಂದು ನೋಡುತ್ತಾನೆ. ಡೀಸೆಲ್ ಆದರೆ "ಆಕ್ಸಿಲರೇಟರ್ ಪೂರ್ತಿ ತುಳೀರಿ ಸಾರ್" ಅನ್ನುತ್ತಾನೆ, ಹೊಗೆ ಎಷ್ಟು ದಟ್ಟವಾಗಿದೆ ಎಂದು ಮಿಷನ್ ಹೇಳುತ್ತದೆ. ಸ್ವಲ್ಪ ಹೊತ್ತಿಗೆ ಚೀಟಿ ಕೈಗೆ ಬರುತ್ತದೆ. ಅಷ್ಟೂ ಹೊತ್ತು ಕಾರು ಒಂದಿಂಚು ಮುಂದೆ ಹೋಗಿರುವುದಿಲ್ಲ.

ನಾವು ಹೊಗೆ ಕುಡಿಯುವುದು ಯಾವಾಗ? ಸಿಗ್ನಲ್ ಬಿಟ್ಟ ಕೂಡಲೇ ಮುಂದಿನ ಗಾಡಿ ಎಳೆದುಕೊಂಡು ಹೋಗುತ್ತದಲ್ಲ, ಆಗ. ಫ್ಲೈಓವರ್ ಏರುವಾಗ, ಘಾಟಿಯಲ್ಲಿ ಬಸ್ಸಿನ ಹಿಂದೆ ಸಿಕ್ಕಿಬಿದ್ದಾಗ. ಓಡುವ ಗಾಡಿಯ ಹೊಗೆಯನ್ನು ಓಡುವಾಗಲೇ ಅಳೆಯಬೇಕು ಅನ್ನುವ ಸರಳ ಮಾತಿಗೆ ಎಷ್ಟು ತೂಕವಿದೆ ಎಂದು ಜಗತ್ತಿಗೆ ತೋರಿಸಿದ್ದು 2013ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಣ್ಣ ಪ್ರಯೋಗ. ಕಾರು ಕಂಪನಿ ಫೋಕ್ಸ್‌ವ್ಯಾಗನ್ ಹೊಗೆ ಪರೀಕ್ಷೆಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದ ಹಗರಣ ಎಂದು ಅದರ ಕೊನೆಯ ಭಾಗ ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನ್ನಿಸುವುದು ಮೊದಲ ಭಾಗ. ಅಳೆದವರು ಹೇಗೆ ಅಳೆದರು? ಕಂಡದ್ದನ್ನು ತಾವೇ ನಂಬಲು ಏನೇನು ಮಾಡಿದರು? ಅದನ್ನೇ ಇಲ್ಲಿ ವಿವರವಾಗಿ ನೋಡೋಣ.

ಒಳ್ಳೆಯದನ್ನು ತೋರಿಸಲು ಹೊರಟವರು

ಪ್ರಯೋಗ ಮಾಡಿಸಿದ್ದು ಐಸಿಸಿಟಿ ಎಂಬ ಸಂಸ್ಥೆ. ಸ್ವಚ್ಛ ಸಾರಿಗೆಯ ಬಗ್ಗೆ ಸಂಶೋಧನೆ ಮಾಡುವ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಅದು. ಯುರೋಪಿನ ಡೀಸೆಲ್ ಕಾರುಗಳು ಲ್ಯಾಬಿನಲ್ಲಿ ಪಾಸಾಗಿ ರಸ್ತೆಯಲ್ಲಿ ಜಾಸ್ತಿ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲ ಉಗುಳುತ್ತಿವೆ ಎಂದು ಅವರಿಗೆ ಮೊದಲೇ ತಿಳಿದಿತ್ತು. ಅಮೆರಿಕದಲ್ಲಿ ಮಿತಿ ಇನ್ನೂ ಬಿಗಿ. ಯುರೋಪಿನ ಆಗಿನ ಯುರೋ 5 ನಿಯಮದ ಕಾರಿಗೆ ಕಿಲೋಮೀಟರಿಗೆ 0.18 ಗ್ರಾಂ ಬಿಡಲು ಅವಕಾಶವಿದ್ದರೆ, ಅಮೆರಿಕದಲ್ಲಿ ಬರೀ 0.043 ಗ್ರಾಂ. ಅಷ್ಟು ಬಿಗಿಯಾದ ನಿಯಮದಲ್ಲಿ ಪಾಸಾದ ಕಾರು ರಸ್ತೆಯಲ್ಲೂ ಸ್ವಚ್ಛವಾಗಿಯೇ ಇರಬೇಕು ಅಲ್ವಾ? ಅದನ್ನು ಅಳೆದು ತೋರಿಸಿದರೆ, "ನೋಡಿ, ಅಮೆರಿಕದಲ್ಲಿ ಆಗುತ್ತದೆ, ನಿಮ್ಮಲ್ಲೂ ಮಾಡಿ" ಎಂದು ಯುರೋಪಿನವರಿಗೆ ಹೇಳಬಹುದು. ಐಸಿಸಿಟಿಯ ಪೀಟರ್ ಮೋಕ್ ಮತ್ತು ಜಾನ್ ಜರ್ಮನ್ ಅವರ ಯೋಚನೆ ಇಷ್ಟೇ ಇತ್ತು. ಕಳ್ಳನನ್ನು ಹಿಡಿಯುವ ಉದ್ದೇಶ ಯಾರಿಗೂ ಇರಲಿಲ್ಲ.

ಕೆಲಸ ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಇಂಜಿನ್ ಮತ್ತು ಹೊಗೆ ಸಂಶೋಧನಾ ಕೇಂದ್ರಕ್ಕೆ. ಸಿಕ್ಕ ಹಣ ಒಂದು ಲಕ್ಷ ಡಾಲರಿಗೂ ಕಡಿಮೆ. ಡ್ಯಾನ್ ಕಾರ್ಡರ್ ಅವರ ನೇತೃತ್ವದ ತಂಡದಲ್ಲಿ ಮೂವರು ಯುವಕರಿದ್ದರು: ಅರವಿಂದ್ ತಿರುವೆಂಗಡಂ, ಸ್ವಿಟ್ಜರ್ಲೆಂಡಿನ ಮಾರ್ಕ್ ಬೆಶ್, ಮತ್ತು ಬೆಂಗಳೂರಿನಿಂದ ಅಲ್ಲಿಗೆ ಓದಲು ಹೋಗಿದ್ದ ಹೇಮಂತ್ ಕಪ್ಪಣ್ಣ. ನಮ್ಮ ಊರಿನ ಹುಡುಗನೊಬ್ಬ ಈ ಕೆಲಸದಲ್ಲಿ ಇದ್ದ ಎಂದು ಇಲ್ಲಿ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮುಂದೆ ಅವರು ಅಮೆರಿಕದ ವಾಹನ ಉದ್ಯಮದಲ್ಲೇ ಕೆಲಸ ಮಾಡಿ, 2019ರಲ್ಲಿ ಸಾವಿರಾರು ಜನರ ಜೊತೆ ಕೆಲಸ ಕಳೆದುಕೊಂಡು ಬೆಂಗಳೂರಿಗೆ ಮರಳಿದರು.

ಈ ವಿಶ್ವವಿದ್ಯಾಲಯಕ್ಕೇ ಕೆಲಸ ಹೋಗಿದ್ದು ಆಕಸ್ಮಿಕ ಅಲ್ಲ. 1998ರಲ್ಲಿ ಅಮೆರಿಕದಲ್ಲಿ ಏಳು ಲಾರಿ-ಬಸ್ ಇಂಜಿನ್ ಕಂಪನಿಗಳು ಹೆಚ್ಚುಕಡಿಮೆ ಇಂಥದ್ದೇ ತಪ್ಪಿಗೆ ಸಿಕ್ಕಿಬಿದ್ದಿದ್ದವು. ಪರೀಕ್ಷೆಯಲ್ಲಿ ಒಂದು ರೀತಿ, ಹೈವೇಯಲ್ಲಿ ಇನ್ನೊಂದು ರೀತಿ ಓಡುವ ಇಂಜಿನ್‌ಗಳು. ಆಗ ಸರ್ಕಾರದ ಜೊತೆ ಆದ ಒಪ್ಪಂದದ ಭಾಗವಾಗಿ, ಓಡುವ ಲಾರಿಯ ಮೇಲೇ ಇಟ್ಟು ಅಳೆಯುವ ಉಪಕರಣ ಬೇಕಾಯಿತು. ಅದನ್ನು ಕಟ್ಟಿದವರು ಇದೇ ವಿಶ್ವವಿದ್ಯಾಲಯದವರು. ಹಾಗಾಗಿ ಹೊಗೆ ಅಳೆಯುವ ಪೆಟ್ಟಿಗೆಯನ್ನು ಗಾಡಿಗೆ ಕಟ್ಟಿಕೊಂಡು ಊರೂರು ಸುತ್ತುವುದು ಅವರಿಗೆ ಹಳೆಯ ಕೆಲಸ.

ಪೆಟ್ಟಿಗೆಯೊಳಗೆ ಏನಿದೆ

ಈ ಉಪಕರಣವನ್ನು ಕೆಲಸ ಮಾಡುವವರು ಪೆಮ್ಸ್ ಅನ್ನುತ್ತಾರೆ. ಹೊತ್ತೊಯ್ಯಬಹುದಾದ ಹೊಗೆ ಅಳೆಯುವ ವ್ಯವಸ್ಥೆ ಎಂದು ಅರ್ಥ. ಹೊತ್ತೊಯ್ಯಬಹುದು ಎಂದರೂ ಅದು ಚೀಲದಲ್ಲಿ ಹಿಡಿಯುವ ವಸ್ತುವಲ್ಲ. ಕಾರಿನ ಡಿಕ್ಕಿ ತುಂಬಿ ಹೋಗುತ್ತದೆ. ಅನಿಲ ಅಳೆಯುವ ಪೆಟ್ಟಿಗೆಗಳು, ಸಿಲಿಂಡರ್‌ಗಳು, ಕಂಪ್ಯೂಟರ್, ಕಟ್ಟುಕಟ್ಟು ವೈರುಗಳು. ಜೊತೆಗೊಂದು ಜನರೇಟರ್. ಕಾರಿನ ಬ್ಯಾಟರಿಯಿಂದ ಕರೆಂಟು ತೆಗೆದುಕೊಂಡರೆ ಇಂಜಿನ್ ಮೇಲೆ ಭಾರ ಬಿದ್ದು ಅಳತೆಯೇ ಕೆಡುತ್ತದೆ. ಅದಕ್ಕೇ ಬೇರೆ ಜನರೇಟರ್ ಬೇಕು.

ಅಳತೆ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಿದರೆ ಇಡೀ ಪ್ರಕರಣ ಸಲೀಸಾಗಿ ಅರ್ಥವಾಗುತ್ತದೆ. ಸೈಲೆನ್ಸರ್ ಪೈಪಿನ ಬಾಯಿಗೆ ಇನ್ನೊಂದು ಪೈಪು ಜೋಡಿಸುತ್ತಾರೆ. ಅದರಲ್ಲಿ ಎರಡು ಕೆಲಸ ನಡೆಯುತ್ತದೆ. ಒಂದು, ಹೊಗೆ ಎಷ್ಟು ರಭಸದಲ್ಲಿ ಹರಿಯುತ್ತಿದೆ ಎಂದು ಅಳೆಯುವುದು. ಎರಡು, ಆ ಹೊಗೆಯಲ್ಲಿ ಒಂದಿಷ್ಟನ್ನು ಬಿಸಿ ಕೊಳವೆಯ ಮೂಲಕ ಒಳಗಿನ ಪೆಟ್ಟಿಗೆಗೆ ಎಳೆದುಕೊಳ್ಳುವುದು. ಕೊಳವೆಯನ್ನು ಬಿಸಿಯಾಗಿ ಇಡದಿದ್ದರೆ ಹೊಗೆಯಲ್ಲಿರುವ ಆವಿ ಒಳಗೇ ನೀರಾಗಿ ಕೂತು ಲೆಕ್ಕ ತಪ್ಪುತ್ತದೆ.

ನೈಟ್ರೋಜನ್ ಆಕ್ಸೈಡ್ ಹಿಡಿಯುವ ಉಪಾಯ ನನಗೆ ತುಂಬ ಇಷ್ಟವಾದದ್ದು. ಹೊಗೆಯನ್ನು ಓಝೋನ್ ಜೊತೆ ಬೆರೆಸುತ್ತಾರೆ. ನೈಟ್ರೋಜನ್ ಆಕ್ಸೈಡ್‌ಗಳಲ್ಲಿ ಒಂದಾದ ನೈಟ್ರಿಕ್ ಆಕ್ಸೈಡ್ ಇದ್ದರೆ ಅದು ಓಝೋನ್ ಜೊತೆ ಸೇರಿ ಒಂದು ಮಂದ ಬೆಳಕು ಬಿಡುತ್ತದೆ. ಅನಿಲ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ. ಕತ್ತಲ ಡಬ್ಬಿಯೊಳಗೆ ಕೂತ ಸೆನ್ಸರ್ ಆ ಬೆಳಕನ್ನು ಎಣಿಸುತ್ತದೆ. ಕಣ್ಣಿಗೆ ಕಾಣದ ವಿಷವನ್ನು ಬೆಳಗಿಸಿ ನೋಡುವ ಕೆಲಸ ಅದು.

ಆದರೆ ಹೊಗೆಯಲ್ಲಿ ಅನಿಲ ಶೇಕಡಾ ಎಷ್ಟಿದೆ ಎಂದು ತಿಳಿದರೆ ಸಾಲದು. ಸಾರಿಗೆ ಉಪ್ಪು ಎಷ್ಟು ಬಿದ್ದಿದೆ ಎಂದು ನಾಲಿಗೆ ಹೇಳುತ್ತದೆ. ಮನೆಯವರೆಲ್ಲ ಸೇರಿ ಎಷ್ಟು ಉಪ್ಪು ತಿಂದರು ಎಂದು ಹೇಳಬೇಕಾದರೆ ಎಷ್ಟು ಸಾರು ಖರ್ಚಾಯಿತು ಎಂಬುದೂ ಗೊತ್ತಿರಬೇಕು. ಹಾಗೆಯೇ ಇಲ್ಲಿ ಹೊಗೆಯ ಹರಿವು ಬೇಕು. ಸೆಕೆಂಡು ಸೆಕೆಂಡಿಗೂ ಅನಿಲದ ಪ್ರಮಾಣ ಮತ್ತು ಹರಿವನ್ನು ಗುಣಿಸಿದರೆ ಎಷ್ಟು ಗ್ರಾಂ ಹೊರಬಿತ್ತು ಎಂದು ಸಿಗುತ್ತದೆ. ಜಿಪಿಎಸ್‌ನಿಂದ ದೂರ ಸಿಗುತ್ತದೆ. ಭಾಗಿಸಿದರೆ ಕಿಲೋಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ. ಸೆಕೆಂಡಿನ ಲೆಕ್ಕವಾದ್ದರಿಂದ ಯಾವ ಏರಿನಲ್ಲಿ, ಯಾವ ತಿರುವಿನಲ್ಲಿ, ಯಾವ ಸಿಗ್ನಲ್‌ನಲ್ಲಿ ಎಷ್ಟು ಬಂತು ಎಂದು ಬೆರಳಿಟ್ಟು ತೋರಿಸಬಹುದು.

ಪ್ರತಿ ಓಟಕ್ಕೂ ಮೊದಲು ಇನ್ನೊಂದು ಕೆಲಸ ಇರುತ್ತದೆ. ಉಪಕರಣಕ್ಕೆ ಶುದ್ಧ ಅನಿಲ ಕೊಟ್ಟು ಸೊನ್ನೆ ತೋರಿಸುತ್ತಿದೆಯೇ ನೋಡಬೇಕು. ಆಮೇಲೆ ಪ್ರಮಾಣ ಗೊತ್ತಿರುವ ಅನಿಲ ಕೊಟ್ಟು, ಅಷ್ಟೇ ತೋರಿಸುತ್ತಿದೆಯೇ ನೋಡಬೇಕು. ಓಟ ಮುಗಿದ ಮೇಲೆ ಮತ್ತೆ ಅದೇ ಪರೀಕ್ಷೆ. ಅಂಗಡಿಯಾತ ತೂಕಕ್ಕೆ ಮೊದಲು ಖಾಲಿ ತಕ್ಕಡಿ ಎತ್ತಿ ತೋರಿಸುವ ಹಾಗೆ. ಬೇಸರದ ಕೆಲಸ, ಆದರೆ ಮುಂದೆ ಇದೇ ಕಾಪಾಡಿತು.

ಮೂರು ಕಾರು, ಐದು ದಾರಿ

ಆರಿಸಿದ ಕಾರುಗಳು ಮೂರು. 2012ರ ಫೋಕ್ಸ್‌ವ್ಯಾಗನ್ ಜೆಟ್ಟಾ, 2013ರ ಫೋಕ್ಸ್‌ವ್ಯಾಗನ್ ಪಸಾಟ್, ಮತ್ತು ಒಂದು ಬಿಎಂಡಬ್ಲ್ಯು ಎಕ್ಸ್5. ವೆಸ್ಟ್ ವರ್ಜೀನಿಯಾದಲ್ಲಿ ಡೀಸೆಲ್ ಕಾರು ಸಿಗುವುದು ಕಷ್ಟ. ಆದ್ದರಿಂದ 2013ರ ವಸಂತದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು.

ಡೀಸೆಲ್ ಇಂಜಿನ್‌ನಲ್ಲಿ ಗಾಳಿ ಜಾಸ್ತಿ, ಶಾಖ ಜಾಸ್ತಿ. ಆ ಶಾಖದಲ್ಲಿ ಗಾಳಿಯಲ್ಲಿರುವ ನೈಟ್ರೋಜನ್ ಮತ್ತು ಆಮ್ಲಜನಕವೇ ಕೂಡಿಕೊಂಡು ನೈಟ್ರೋಜನ್ ಆಕ್ಸೈಡ್ ಹುಟ್ಟುತ್ತದೆ. ಇಂಧನ ಎಷ್ಟೇ ಶುದ್ಧವಾಗಿರಲಿ, ಇದು ತಪ್ಪುವುದಿಲ್ಲ. ಇದನ್ನು ಕಡಿಮೆ ಮಾಡಲು ಜೆಟ್ಟಾದಲ್ಲಿ ಒಂದು ಬಲೆ ಇತ್ತು. ಅದು ಅನಿಲವನ್ನು ಹಿಡಿದಿಟ್ಟುಕೊಂಡು, ಆಗಾಗ ಹೆಚ್ಚಿನ ಡೀಸೆಲ್ ಬಳಸಿ ತನ್ನನ್ನು ತಾನೇ ಖಾಲಿ ಮಾಡಿಕೊಳ್ಳಬೇಕು. ಪಸಾಟ್ ಮತ್ತು ಬಿಎಂಡಬ್ಲ್ಯುನಲ್ಲಿ ಯೂರಿಯಾ ದ್ರಾವಣ ಸಿಂಪಡಿಸುವ ವ್ಯವಸ್ಥೆ ಇತ್ತು. ಇವತ್ತು ನಮ್ಮ ಹೈವೇ ಬಂಕುಗಳಲ್ಲಿ ಬಕೆಟ್ ಬಕೆಟ್ ಜೋಡಿಸಿಟ್ಟಿರುತ್ತಾರಲ್ಲ, ಡಿಇಎಫ್ ಎಂದು? ಅದೇ. ಯೂರಿಯಾದಿಂದ ಬರುವ ಅಮೋನಿಯ ಆ ವಿಷವನ್ನು ನೈಟ್ರೋಜನ್ ಮತ್ತು ನೀರಾಗಿ ಒಡೆಯುತ್ತದೆ. ಎರಡೂ ಉಪಾಯ ಕೆಲಸ ಮಾಡುತ್ತವೆ. ಆದರೆ ಒಂದಕ್ಕೆ ಡೀಸೆಲ್ ಖರ್ಚು, ಇನ್ನೊಂದಕ್ಕೆ ಯೂರಿಯಾ ಖರ್ಚು.

ದಾರಿಗಳನ್ನು ಬಹಳ ಯೋಚಿಸಿ ಆರಿಸಿದ್ದರು. ಹೈವೇ ಒಂದು. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ, ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ಒಳಗಿನ ದಾರಿಗಳು. ಮತ್ತೊಂದು ಬೆಟ್ಟದ ಏರಿಳಿತದ ದಾರಿ. ಇದಲ್ಲದೆ ಪಸಾಟ್ ಅನ್ನು ಲಾಸ್ ಏಂಜಲೀಸ್‌ನಿಂದ ಸಿಯಾಟಲ್‌ವರೆಗೆ ಓಡಿಸಿ ವಾಪಸ್ ತಂದರು. ಸುಮಾರು 4,000 ಕಿಲೋಮೀಟರ್. ಹಿಂದೆ ಜನರೇಟರ್ ಸದ್ದು, ಒಳಗೆ ಲ್ಯಾಪ್‌ಟಾಪ್ ಪರದೆಯ ಮೇಲೆ ಸೆಕೆಂಡಿಗೊಂದು ಅಂಕಿ.

ಅಂಕಿ ನೋಡಿ ಮೊದಲು ಅನುಮಾನ ಬಂದದ್ದು ತಮ್ಮ ಮೇಲೇ

ಜೆಟ್ಟಾ ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚು ನೈಟ್ರೋಜನ್ ಆಕ್ಸೈಡ್ ಬಿಡುತ್ತಿತ್ತು. ಪಸಾಟ್ 5ರಿಂದ 20 ಪಟ್ಟು. ಬಿಎಂಡಬ್ಲ್ಯು ಬಹುತೇಕ ಎಲ್ಲ ದಾರಿಗಳಲ್ಲೂ ಮಿತಿಯೊಳಗೇ ಅಥವಾ ಮಿತಿಯ ಹತ್ತಿರವೇ ಇತ್ತು. ಬೆಟ್ಟದ ಏರಿಳಿತದಲ್ಲಿ ಮಾತ್ರ ಅದೂ ಸುಮಾರು 10 ಪಟ್ಟು ಮೀರಿತ್ತು. ಈ ಕೊನೆಯ ಸಾಲನ್ನು ಬಹಳ ಜನ ಬಿಟ್ಟು ಕಥೆ ಹೇಳುತ್ತಾರೆ. ಬಿಡಬಾರದು. ಒಳ್ಳೆಯ ಕಾರೂ ಏರಿನಲ್ಲಿ ಜಾಸ್ತಿ ಉಗುಳುತ್ತದೆ ಎನ್ನುವುದು ಘಟ್ಟದ ಕೆಳಗೆ ಮೇಲೆ ಓಡಾಡುವ ನಮಗೆ ಬೇಕಾದ ವಿಷಯ.

ಇಂಥ ಅಂಕಿ ನೋಡಿದಾಗ ತಂಡದವರು ಮೊದಲು ಅಂದುಕೊಂಡದ್ದು, ನಮ್ಮ ಅಳತೆಯಲ್ಲೇ ಎಲ್ಲೋ ತಪ್ಪಾಗಿದೆ ಎಂದು. ಉಪಕರಣವನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಸೊನ್ನೆ ಸರಿ ಇತ್ತು, ಗೊತ್ತಿರುವ ಅನಿಲಕ್ಕೆ ಉತ್ತರವೂ ಸರಿ ಇತ್ತು. ಇನ್ನೊಂದು ಮಾತು: ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎರಡೂ ಬಹುತೇಕ ಎಲ್ಲ ಓಟಗಳಲ್ಲಿ ಮಿತಿಗಿಂತ ಎಷ್ಟೋ ಕೆಳಗಿದ್ದವು. ಮಸಿ ಹಿಡಿಯುವ ಫಿಲ್ಟರ್ ಕೂಡ ಸರಿಯಾಗೇ ಕೆಲಸ ಮಾಡುತ್ತಿತ್ತು. ಕೆಟ್ಟಿದ್ದು ನೈಟ್ರೋಜನ್ ಆಕ್ಸೈಡ್ ಒಂದೇ. ಅಂದರೆ ಈ ಕಾರುಗಳನ್ನು ನಮ್ಮ ಬಂಕ್ ಪಕ್ಕದ ಎಮಿಷನ್ ಟೆಸ್ಟಿಗೆ ತಂದಿದ್ದರೆ ಒಳ್ಳೆಯ ಅಂಕದಲ್ಲೇ ಪಾಸಾಗುತ್ತಿದ್ದವು. ಪೈಪಿನಲ್ಲಿ ಕಪ್ಪು ಹೊಗೆ ಇಲ್ಲ, ವಾಸನೆ ಇಲ್ಲ. ಕಣ್ಣಿಗೆ ಪೂರಾ ಸ್ವಚ್ಛ.

ಅನುಮಾನವನ್ನು ಪೂರ್ತಿ ತೆಗೆದುಹಾಕಿದ್ದು ಎರಡು ಸಂಗತಿ. ಒಂದು, ಮೂರನೇ ಕಾರು. ಅದೇ ಪೆಟ್ಟಿಗೆ, ಅದೇ ಜನ, ಅದೇ ರೀತಿಯ ದಾರಿ. ಬಿಎಂಡಬ್ಲ್ಯುಗೆ ಕಡಿಮೆ ತೋರಿಸುವ ಉಪಕರಣ ಇನ್ನೆರಡು ಕಾರಿಗೆ ಮಾತ್ರ ಸುಳ್ಳು ಹೇಳಲು ಹೇಗೆ ಸಾಧ್ಯ? ಎರಡು, ಕ್ಯಾಲಿಫೋರ್ನಿಯಾ ಸರ್ಕಾರದ ವಾಯು ಮಂಡಳಿಯ ಲ್ಯಾಬ್. ಲಾಸ್ ಏಂಜಲೀಸ್ ಹತ್ತಿರ ಎಲ್ ಮಾಂಟೆಯಲ್ಲಿದ್ದ ಲ್ಯಾಬಿನ ರೋಲರ್ (ಕಾರು ನಿಂತಲ್ಲೇ ಚಕ್ರ ತಿರುಗಲು ಬಿಡುವ ಉರುಳೆ) ಮೇಲೆ ಎರಡೂ ಫೋಕ್ಸ್‌ವ್ಯಾಗನ್ ಕಾರುಗಳನ್ನು ನಿಲ್ಲಿಸಿ, ಸರ್ಕಾರಿ ಪರೀಕ್ಷೆಯ ಕ್ರಮದಲ್ಲೇ ಓಡಿಸಿದರು. ಅಲ್ಲಿ ಜೆಟ್ಟಾ ಬಿಟ್ಟಿದ್ದು ಕಿಲೋಮೀಟರಿಗೆ 0.022 ಗ್ರಾಂ, ಪಸಾಟ್ 0.016 ಗ್ರಾಂ. ಮಿತಿ 0.043. ಮಿತಿಯ ಅರ್ಧದಷ್ಟು! ರೋಲರ್ ಮೇಲೆ ಅಷ್ಟು ಸ್ವಚ್ಛವಾಗಿದ್ದ ಕಾರು ಗೇಟು ದಾಟಿ ರಸ್ತೆಗೆ ಇಳಿದ ಮೇಲೆ ಹತ್ತಾರು ಪಟ್ಟು ಕೆಡುತ್ತಿತ್ತು.

ಅಂದರೆ ಸ್ವಚ್ಛ ಮಾಡುವ ವ್ಯವಸ್ಥೆ ಕಾರಿನಲ್ಲಿ ಇದೆ, ಕೆಲಸವನ್ನೂ ಮಾಡುತ್ತದೆ. ರಸ್ತೆಯಲ್ಲಿ ಮಾಡುತ್ತಿಲ್ಲ ಅಷ್ಟೇ. ತಂಡದ ವರದಿ ಇಲ್ಲಿಗೇ ನಿಂತಿತು. ಯಾಕೆ ಎಂದು ಊಹಿಸಲಿಲ್ಲ, ಯಾರನ್ನೂ ದೂರಲಿಲ್ಲ. ಕಾರುಗಳ ಹೆಸರನ್ನೂ ಹಾಕದೆ ಎ, ಬಿ, ಸಿ ಎಂದು ಬರೆದರು. 2014ರ ಮಾರ್ಚ್‌ನಲ್ಲಿ ಸ್ಯಾನ್ ಡಿಯಾಗೊದ ಒಂದು ತಾಂತ್ರಿಕ ಸಭೆಯಲ್ಲಿ ಅಂಕಿ ಅಂಶ ಮುಂದಿಟ್ಟರು, ಮೇ ತಿಂಗಳಲ್ಲಿ ವರದಿ ಹೊರಬಂತು. ಅಳೆದದ್ದನ್ನು ಮಾತ್ರ ಹೇಳಿ ಸುಮ್ಮನಾಗುವ ಆ ಸಂಯಮಕ್ಕೆ ನನಗೆ ತುಂಬ ಗೌರವವಿದೆ. ಜಾಸ್ತಿ ಹೇಳಿದ್ದರೆ ಕಂಪನಿಯ ವಕೀಲರು ಆ ಜಾಸ್ತಿ ಹೇಳಿದ್ದನ್ನೇ ಹಿಡಿದು ಎಳೆಯುತ್ತಿದ್ದರು.

ಒಂದೂವರೆ ವರ್ಷದ ಹಗ್ಗಜಗ್ಗಾಟ

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಮತ್ತು ಕ್ಯಾಲಿಫೋರ್ನಿಯಾ ವಾಯು ಮಂಡಳಿ ಕಂಪನಿಯನ್ನು ವಿವರಣೆ ಕೇಳಿದವು. ತಾಂತ್ರಿಕ ಸಮಸ್ಯೆ, ಅನಿರೀಕ್ಷಿತ ಪರಿಸ್ಥಿತಿ ಎಂಬ ಉತ್ತರಗಳು ಬಂದವು. 2014ರ ಡಿಸೆಂಬರ್‌ನಲ್ಲಿ ಸುಮಾರು 5 ಲಕ್ಷ ಕಾರುಗಳನ್ನು ಕರೆಸಿ ಸಾಫ್ಟ್‌ವೇರ್ ಸರಿಪಡಿಸುತ್ತೇವೆ ಎಂದರು. ವಾಯು ಮಂಡಳಿ ನಂಬಿ ಕೂರಲಿಲ್ಲ. 2015ರ ಮೇ ತಿಂಗಳಿಂದ ಮತ್ತೆ ಅಳೆಯಲು ಶುರುಮಾಡಿತು. ರೋಲರ್ ಮೇಲೆ ಬೇರೆ ಬೇರೆ ಕ್ರಮದಲ್ಲಿ ಓಡಿಸಿ ನೋಡಿತು, ರಸ್ತೆಯಲ್ಲಿ ಪೆಮ್ಸ್ ಕಟ್ಟಿ ನೋಡಿತು. ಸಮಸ್ಯೆ ಹಾಗೇ ಇತ್ತು. ಸರಿಯಾದ ಉತ್ತರ ಸಿಗುವವರೆಗೆ 2016ರ ಮಾದರಿಗೆ ಅನುಮತಿ ಇಲ್ಲ ಎಂದಾಗ, ಪರೀಕ್ಷೆಯನ್ನು ಗುರುತಿಸಿ ಮೋಸ ಮಾಡುವ ಸಾಫ್ಟ್‌ವೇರ್ ಹಾಕಿದ್ದನ್ನು ಸೆಪ್ಟೆಂಬರ್ 3ರಂದು ಕಂಪನಿ ಒಪ್ಪಿಕೊಂಡಿತು. ಸೆಪ್ಟೆಂಬರ್ 18ರಂದು ಇಪಿಎ ನೋಟಿಸನ್ನು ಬಹಿರಂಗ ಮಾಡಿತು.

ನೋಟಿಸಿನಲ್ಲಿ ವಿವರ ಇತ್ತು. ಸ್ಟೇರಿಂಗ್ ಎಷ್ಟು ತಿರುಗಿದೆ, ವೇಗ ಎಷ್ಟು, ಇಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ, ಗಾಳಿಯ ಒತ್ತಡ ಎಷ್ಟು ಎಂದು ಸಾಫ್ಟ್‌ವೇರ್ ಗಮನಿಸುತ್ತಿತ್ತು. ರೋಲರ್ ಮೇಲೆ ನಿಂತ ಕಾರಿನ ಚಕ್ರ ತಿರುಗುತ್ತದೆ, ಸ್ಟೇರಿಂಗ್ ತಿರುಗುವುದಿಲ್ಲ. ರಸ್ತೆಯಲ್ಲಿ ಹಾಗೆ ಆಗುವುದುಂಟೇ? ಪರೀಕ್ಷೆ ಅನ್ನಿಸಿದರೆ ಪೂರ್ತಿ ಶುದ್ಧೀಕರಣ. ರಸ್ತೆ ಅನ್ನಿಸಿದರೆ ಅದನ್ನು ತಗ್ಗಿಸುವುದು. ಪರೀಕ್ಷೆ ಯಾವ ರೀತಿ, ಎಷ್ಟು ನಿಮಿಷ, ಯಾವ ಕ್ಷಣದಲ್ಲಿ ಎಷ್ಟು ವೇಗ ಎಂಬುದೆಲ್ಲ ವರ್ಷಗಟ್ಟಲೆ ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಪ್ರಶ್ನೆಪತ್ರಿಕೆ ಮೊದಲೇ ಕೈಯಲ್ಲಿದ್ದ ಹಾಗೆ.

ಅಮೆರಿಕದಲ್ಲಿ ಸುಮಾರು 4,82,000 ಕಾರುಗಳು, ಪ್ರಪಂಚದಾದ್ಯಂತ 1.1 ಕೋಟಿ. ಕಂಪನಿಯ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ಅದೇ ತಿಂಗಳು ರಾಜೀನಾಮೆ ಕೊಟ್ಟರು. 2016ರ ಜೂನ್‌ನಲ್ಲಿ ಅಮೆರಿಕದಲ್ಲಿ ಆದ ಒಪ್ಪಂದದ ಮೊತ್ತ 14.7 ಶತಕೋಟಿ ಡಾಲರ್‌ವರೆಗೆ ಹೋಯಿತು. 2017ರ ಜನವರಿಯಲ್ಲಿ ತಪ್ಪೊಪ್ಪಿಗೆ ಮತ್ತು ಇನ್ನೂ 4.3 ಶತಕೋಟಿ. ದುಡ್ಡಿನ ಲೆಕ್ಕಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಲೆಕ್ಕ. ಅಮೆರಿಕದಲ್ಲಿ ಈ ಹೆಚ್ಚುವರಿ ಹೊಗೆಯಿಂದ ಸುಮಾರು 59 ಜನ ಆಯಸ್ಸು ತುಂಬುವ ಮೊದಲೇ ಸಾಯುತ್ತಾರೆ ಎಂದು ಎಂಐಟಿ ಮತ್ತು ಹಾರ್ವರ್ಡ್ ಸಂಶೋಧಕರು 2015ರಲ್ಲಿ ಅಂದಾಜು ಮಾಡಿದರು. ಆ ಜನರಿಗೆ ತಮ್ಮ ಸಾವಿನ ಕಾರಣ ಯಾವತ್ತೂ ಗೊತ್ತಾಗುವುದಿಲ್ಲ.

ನಮ್ಮ ರಸ್ತೆಗೆ ಬಂದರೆ

ಭಾರತದಲ್ಲಿ ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಪರೀಕ್ಷೆಯ ನಂತರ 2015ರ ಡಿಸೆಂಬರ್‌ನಲ್ಲಿ ಕಂಪನಿ ಸುಮಾರು 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸುವುದಾಗಿ ಹೇಳಿತು. 2019ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಆಗ ನಮ್ಮಲ್ಲಿ ಬಿಎಸ್ 4 (ಭಾರತ್ ಸ್ಟೇಜ್ 4) ಎಂಬ ಹೊಗೆ ನಿಯಮ ಇತ್ತು. ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.25 ಗ್ರಾಂ ಮಿತಿ, ಅಮೆರಿಕದ ಸುಮಾರು ಆರು ಪಟ್ಟು. ಬಿಎಸ್ 6 ಬಂದ ಮೇಲೆ ಅದು 0.08ಕ್ಕೆ ಇಳಿಯಿತು.

ಮಿತಿ ಇಳಿದದ್ದಕ್ಕಿಂತ ದೊಡ್ಡ ಬದಲಾವಣೆ ಎಂದರೆ ರಸ್ತೆಯ ಪರೀಕ್ಷೆ ಕಾನೂನಿನೊಳಗೆ ಬಂದದ್ದು. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ಹೊಸ ಮಾದರಿಯ ಕಾರುಗಳು ಪೆಮ್ಸ್ ಕಟ್ಟಿಕೊಂಡು ರಸ್ತೆಯಲ್ಲಿ ಓಡಿ ಪಾಸಾಗಬೇಕು. ಶುರುವಿನಲ್ಲಿ ಮಿತಿಯ 2.1 ಪಟ್ಟಿನವರೆಗೆ ಸಡಿಲ ಕೊಟ್ಟರು, ಆಮೇಲೆ ಬಿಗಿ ಮಾಡಿದರು. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ಎರಡನೇ ಹಂತದಲ್ಲಿ, ನಮ್ಮ ರಸ್ತೆಗಳ ಕಡಿಮೆ ವೇಗಕ್ಕೆ ಹೊಂದಿಸಿ, ಇದೇ ಪರೀಕ್ಷೆ ಬಂತು. ವೆಸ್ಟ್ ವರ್ಜೀನಿಯಾದ ಹುಡುಗರು ಡಿಕ್ಕಿಯಲ್ಲಿ ಕಟ್ಟಿಕೊಂಡು ತಿರುಗಿದ ಕೆಲಸ ಈಗ ಇಲ್ಲಿನ ಕಾರು ಕಂಪನಿಗಳ ದಿನದ ಕೆಲಸ.

ಇದೆಲ್ಲ ಹೊಸ ಗಾಡಿ ಮಾರಾಟಕ್ಕೆ ಬರುವ ಮುಂಚಿನ ಮಾತು. ರಸ್ತೆಯಲ್ಲಿ ಈಗಾಗಲೇ ಓಡುತ್ತಿರುವ ಗಾಡಿಗಳದ್ದು ಬೇರೆ ಕಥೆ. ಬಂಕ್ ಪಕ್ಕದ ಚೀಟಿಯಲ್ಲಿ ನೈಟ್ರೋಜನ್ ಆಕ್ಸೈಡ್‌ಗೆ ಒಂದು ಸಾಲೂ ಇಲ್ಲ. ಎಲ್ಲ ಗಾಡಿಗೂ ಪೆಮ್ಸ್ ಕಟ್ಟಲು ಆಗುವುದಿಲ್ಲ, ನಿಜ. ಅದಕ್ಕೆ ಇನ್ನೊಂದು ದಾರಿ ಇದೆ: ರಸ್ತೆಯ ಬದಿಯಿಂದ ಬೆಳಕಿನ ಕಿರಣ ಹಾಯಿಸಿ, ಹಾದುಹೋಗುವ ಪ್ರತಿ ಗಾಡಿಯ ಹೊಗೆಯನ್ನು ಕ್ಷಣದಲ್ಲಿ ಓದುವುದು. ಐಸಿಸಿಟಿ ಇದನ್ನು 2022ರ ಕೊನೆಯಿಂದ 2023ರ ಏಪ್ರಿಲ್‌ವರೆಗೆ ದೆಹಲಿ ಮತ್ತು ಗುರುಗ್ರಾಮದ 20 ಜಾಗಗಳಲ್ಲಿ ಮಾಡಿತು. ಒಂದು ಲಕ್ಷಕ್ಕೂ ಹೆಚ್ಚು ಅಳತೆ ಸಿಕ್ಕಿತು. ಸ್ವಚ್ಛ ಎಂದು ನಾವೆಲ್ಲ ನಂಬಿರುವ ಸಿಎನ್‌ಜಿ ಗಾಡಿಗಳು ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್ ಜಾಸ್ತಿ ಬಿಡುತ್ತಿದ್ದವು. ಬಿಎಸ್ 6 ಬಸ್ಸುಗಳು ಬಿಎಸ್ 4 ಬಸ್ಸುಗಳಿಗಿಂತ ತುಂಬ ಕಡಿಮೆ ಬಿಡುತ್ತಿದ್ದವು. ಆ ಸುದ್ದಿ ಓದಿದಾಗ ನನಗೆ ಸಂತೋಷವಾಯಿತು.

ಆದರೂ ನಮ್ಮ ಸಿಟಿ ಬಸ್ಸಿನ ವಿಷಯದಲ್ಲಿ ಒಂದು ಆತಂಕ ಉಳಿಯುತ್ತದೆ. ಡೀಸೆಲ್ ಬಸ್ಸಿನ ಯೂರಿಯಾ ವ್ಯವಸ್ಥೆ ಕೆಲಸ ಮಾಡಬೇಕಾದರೆ ಹೊಗೆ ಸುಮಾರು 200 ಡಿಗ್ರಿ ಬಿಸಿ ಇರಬೇಕು. ಅದಕ್ಕಿಂತ ತಣ್ಣಗಿದ್ದರೆ ಯೂರಿಯಾ ಸಿಂಪಡಿಸುವುದನ್ನೇ ನಿಲ್ಲಿಸುತ್ತಾರೆ, ಇಲ್ಲದಿದ್ದರೆ ಪೈಪಿನಲ್ಲಿ ಹರಳುಗಟ್ಟುತ್ತದೆ. ಹೈವೇಯಲ್ಲಿ ಓಡುವ ಬಸ್ಸಿಗೆ ಇದು ಸಮಸ್ಯೆಯೇ ಅಲ್ಲ. ಸ್ಟಾಪಿಗೊಮ್ಮೆ, ಸಿಗ್ನಲಿಗೊಮ್ಮೆ ನಿಂತು, ಹತ್ತು ಹದಿನೈದು ಕಿಲೋಮೀಟರ್ ವೇಗದಲ್ಲಿ ತೆವಳುವ ಬಸ್ಸಿನ ಹೊಗೆ ಆ ಬಿಸಿಗೆ ಏರದೇ ಹೋಗಬಹುದು. ಅಲ್ಲಿ ಯಾರೂ ಮೋಸ ಮಾಡಬೇಕಾಗಿಲ್ಲ. ಟ್ರಾಫಿಕ್ಕೇ ಸಾಕು.

ಇದನ್ನು ಅಳೆಯಲು ಬೇಕಾದ್ದು ದೊಡ್ಡದೇನಲ್ಲ. ಒಂದು ಬಸ್ಸು, ಒಂದು ಪೆಮ್ಸ್ ಪೆಟ್ಟಿಗೆ, ಪ್ರಯಾಣಿಕರ ತೂಕಕ್ಕೆ ಸೀಟುಗಳ ಮೇಲೆ ಮರಳಿನ ಚೀಲ. ಮೆಜೆಸ್ಟಿಕ್‌ನಿಂದ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿವರೆಗೆ, ಮಳೆ ಬಂದ ಶುಕ್ರವಾರ ಸಂಜೆ ಆರು ಗಂಟೆಗೆ ಹೊರಡಬೇಕು. ಎಲ್ಲ ಸ್ಟಾಪಿನಲ್ಲೂ ನಿಲ್ಲಬೇಕು. ವಾಪಸ್ ಬಂದ ಮೇಲೆ ಉಪಕರಣದ ಸೊನ್ನೆಯನ್ನು ಮತ್ತೊಮ್ಮೆ ನೋಡಬೇಕು, ಆಮೇಲೆ ಅಂಕಿಗಳನ್ನು ಬಸ್ ಸ್ಟ್ಯಾಂಡಿನಲ್ಲೇ ಅಂಟಿಸಬೇಕು.